ಅರ್ಜಿ ಬರುವ ಮೊದಲೇ: ಗ್ರಾಮ ಪಂಚಾಯಿತಿ ಏನು ಮಾಡಬಹುದು?

ಪ್ರಶ್ನೆ: ನಾನು ಮೊದಲ ಸಲ ಗೆದ್ದ ಗ್ರಾಮ ಪಂಚಾಯಿತಿ ಸದಸ್ಯೆ. ಸಾಮಾಜಿಕ ನ್ಯಾಯ ಸಮಿತಿಗೆ ಹಾಕಿದ್ದಾರೆ. ಜನ ನಮ್ಮ ಹತ್ತಿರ ಬರುವುದು ಎಲ್ಲ ಮುಗಿದ ಮೇಲೆ. ಮಗು ಶಾಲೆ ಬಿಟ್ಟು ಎರಡು ವರ್ಷವಾಗಿರುತ್ತದೆ, ಇಲ್ಲವೇ ಗಂಡ ತೀರಿಕೊಂಡು ಸಾಲದವರು ಬಾಗಿಲಲ್ಲಿ ಕೂತಿರುತ್ತಾರೆ. ಕಷ್ಟ ಬೆಳೆಯುವ ಮೊದಲೇ ನೆರವು ಕೊಟ್ಟರೆ ಬಡವ ಬಲ್ಲಿದರ ಅಂತರ ತಗ್ಗುತ್ತದೆ ಎಂದು ತರಬೇತಿಯಲ್ಲಿ ಹೇಳಿದರು. ಆದರೆ ನಮ್ಮ ಕೈಯಲ್ಲಿರುವುದು ನಲ್ಲಿ, ಚರಂಡಿ, ಬೀದಿದೀಪ. ಪಿಂಚಣಿ ಒಂದು ಇಲಾಖೆ, ಅಂಗನವಾಡಿ ಇನ್ನೊಂದು, ಆಸ್ಪತ್ರೆ ಮತ್ತೊಂದು. ನಿಜಕ್ಕೂ ನಾವು ಏನು ಮಾಡಬಹುದು? ದುಡ್ಡು ಎಲ್ಲಿಂದ ತರುವುದು?

ಉತ್ತರ: ಅಧಿಕಾರದ ವಿಚಾರದಲ್ಲಿ ನೀವು ಹೇಳಿದ್ದು ಸರಿ. ಪಿಂಚಣಿ ಮಂಜೂರು ಮಾಡುವ ಸಹಿ ಪಂಚಾಯಿತಿಯಲ್ಲಿಲ್ಲ. ಅಂಗನವಾಡಿ ಕಾರ್ಯಕರ್ತೆಯಾಗಲಿ ಮುಖ್ಯಶಿಕ್ಷಕರಾಗಲಿ ನಿಮ್ಮ ನೌಕರರಲ್ಲ. ಆದರೆ ಊರಿನ ಪ್ರತಿ ಮನೆಯ ಬಾಗಿಲಿಗೂ ಹೋಗಿಬರುವ ಕಚೇರಿ ನಿಮ್ಮದು. ತಹಶೀಲ್ದಾರರಿಗೆ ಅರ್ಜಿ ಕಾಣುತ್ತದೆ, ಮನೆ ಕಾಣುವುದಿಲ್ಲ. ನಿಮ್ಮ ವಾಟರ್‌ಮ್ಯಾನ್‌ಗೆ ಮನೆ ಕಾಣುತ್ತದೆ. ನೀವು ಮಾಡಬಹುದಾದ ಕೆಲಸವೆಲ್ಲ ಇಲ್ಲಿಂದ ಶುರುವಾಗುತ್ತದೆ.

ಅರ್ಜಿ ಬರಲಿ ಎಂದು ಕಾಯುವುದು ತಟಸ್ಥವಾಗಿ ಕಾಣುತ್ತದೆ, ಆದರೆ ಅಲ್ಲ. ವಿಧವಾ ವೇತನವನ್ನೇ ನೋಡಿ. ಮರಣ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಹೊಂದಿಸಬೇಕು. ಪಿಯುಸಿ ಓದಿದ ಮಗ ಇರುವ ಮನೆಗೆ ಇದು ಎರಡು ದಿನದ ಓಡಾಟ. ಕೂಲಿಗೆ ಹೋಗುವ ಒಂಟಿ ಹೆಂಗಸಿಗೆ ನಾಲ್ಕು ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ 'ಸರ್ವರ್ ಇಲ್ಲ, ನಾಳೆ ಬಾ' ಅನ್ನಿಸಿಕೊಳ್ಳುವ ಅವಮಾನ. ಆಕೆ ಸುಗ್ಗಿ ಮುಗಿಯಲಿ ಎಂದು ಮುಂದೂಡುತ್ತಾಳೆ. ಅಷ್ಟರಲ್ಲಿ ಮೈಕ್ರೋಫೈನಾನ್ಸ್ ಸಾಲ ಎತ್ತಿರುತ್ತಾಳೆ, ದೊಡ್ಡ ಮಗಳನ್ನು ಶಾಲೆ ಬಿಡಿಸಿರುತ್ತಾಳೆ. ತೀರಾ ಬಡವರಿಗೆಂದು ಬಂದ ನೆರವು ಅವರಿಗಿಂತ ಒಂದು ಮೆಟ್ಟಿಲು ಮೇಲಿರುವವರಿಗೆ ಮೊದಲು ಮುಟ್ಟುವುದು ಹೀಗೆ. ಇದರಲ್ಲಿ ಯಾರೂ ಲಂಚ ತಿನ್ನಬೇಕಾಗಿಯೂ ಇಲ್ಲ.

ಸರ್ಕಾರಕ್ಕೂ ಇದು ಗೊತ್ತಿಲ್ಲದ್ದಲ್ಲ. ನಮ್ಮ ಕಂದಾಯ ಇಲಾಖೆ 2021ರಲ್ಲಿ ಮನೆ ಬಾಗಿಲಿಗೇ ಮಾಸಾಶನ ಎಂದು ಹೊರಟಾಗ ಮಾಡಿದ್ದು ಇದನ್ನೇ: ಇರುವ ದತ್ತಾಂಶದಿಂದ 60 ತುಂಬಿದ ಬಡ ಹಿರಿಯರನ್ನು ತಾನೇ ಹುಡುಕಿ, ಗ್ರಾಮ ಲೆಕ್ಕಿಗರ ಕೈಗೆ ನವೋದಯ ಆ್ಯಪ್ ಕೊಟ್ಟು ಮನೆಗೆ ಕಳಿಸಿತು. ಇಂಗ್ಲೆಂಡಿನಲ್ಲಿ 2017ರ ಒಂದು ಕಾಯ್ದೆ, 56 ದಿನದೊಳಗೆ ಮನೆ ಕಳೆದುಕೊಳ್ಳುವ ಅಪಾಯದಲ್ಲಿರುವವರಿಗೆ ಸ್ಥಳೀಯ ಕೌನ್ಸಿಲ್ ಆಗಲೇ ನೆರವಾಗಬೇಕು ಎಂದು ಕಡ್ಡಾಯ ಮಾಡಿತು. ಅದಕ್ಕೂ ಮೊದಲು ಆ ಅವಧಿ 28 ದಿನ ಇತ್ತು. ಬೀದಿಗೆ ಬಿದ್ದವರನ್ನು ಎತ್ತುವುದಕ್ಕಿಂತ ಬಾಡಿಗೆ ಬಾಕಿ ಮಾತಾಡಿ ಮುಗಿಸುವುದು ಅಗ್ಗ ಎಂಬ ಲೆಕ್ಕ ಅಲ್ಲಿಯೂ ಅದೇ.

ಸುಳಿವುಗಳು ನಿಮ್ಮ ಕಚೇರಿಯಲ್ಲೇ ಇವೆ

ಕಷ್ಟ ಒಂದು ಮನೆಗೆ ದಿಢೀರ್ ಎಂದು ಬಂದಂತೆ ಕಂಡರೂ ಕಾಗದದ ಮೇಲೆ ಮೂರು ನಾಲ್ಕು ತಿಂಗಳು ಮೊದಲೇ ಗುರುತು ಬಿಡುತ್ತದೆ. ತಪ್ಪದೆ ಕಟ್ಟುತ್ತಿದ್ದ ಮನೆಯ ನೀರಿನ ಕರ ನಿಲ್ಲುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಎರಡು ತಿಂಗಳು ಅಕ್ಕಿ ಎತ್ತಿರುವುದಿಲ್ಲ. ಅಂಗನವಾಡಿಗೆ ಬರುತ್ತಿದ್ದ ಮಗು ವಾರಗಟ್ಟಲೆ ಬರುವುದಿಲ್ಲ. ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘದ ಸಭೆಗೆ ಒಬ್ಬಳು ಉಳಿತಾಯ ತರುವುದನ್ನು ಬಿಡುತ್ತಾಳೆ. ಇವುಗಳಲ್ಲಿ ಒಂದೊಂದೇ ಏನೂ ಹೇಳುವುದಿಲ್ಲ, ಊರಿಗೆ ಹೋಗಿರಬಹುದು, ಜಗಳವಾಡಿಕೊಂಡಿರಬಹುದು. ಒಂದೇ ಮನೆಯಲ್ಲಿ ಎರಡು ಸುಳಿವು ಸಿಕ್ಕರೆ ಆ ವಾರವೇ ಹೋಗಿ ನೋಡಬೇಕು.

ತೊಂದರೆ ಏನೆಂದರೆ ಈ ಸುಳಿವುಗಳು ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಇವೆ. ನೀರಿನ ಬಾಕಿ ಬಿಲ್ ಕಲೆಕ್ಟರ್‌ಗೆ, ಮಗುವಿನ ತೂಕ ಅಂಗನವಾಡಿ ಕಾರ್ಯಕರ್ತೆಗೆ, ಬಾಣಂತಿಯ ವಿಷಯ ಆಶಾಗೆ, ಸಾಲದ ವಿಷಯ ಸಂಜೀವಿನಿ ಒಕ್ಕೂಟದ ಲೆಕ್ಕ ಬರೆಯುವ ಎಂಬಿಕೆಗೆ, ಅಂಗವಿಕಲರ ವಿಷಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ, ಅಂದರೆ ನೀವೆಲ್ಲ ವಿಆರ್‌ಡಬ್ಲ್ಯೂ ಎನ್ನುವವರಿಗೆ. ಇವರನ್ನೆಲ್ಲ ತಿಂಗಳಿಗೊಮ್ಮೆ ಒಂದೂವರೆ ಗಂಟೆ ಒಂದೇ ಚಾಪೆಯ ಮೇಲೆ ಕೂರಿಸುವುದು ನಿಮ್ಮ ಮೊದಲ ಕೆಲಸ. ಇಲಾಖೆಗಳ ಪ್ರಗತಿ ನೋಡುವ ಪಂಚಾಯಿತಿ ಮಟ್ಟದ ಕೆಡಿಪಿ ಸಭೆ ಇದೆಯಲ್ಲ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೇಳಬಹುದು. ಅದು ಮೂರು ತಿಂಗಳಿಗೊಮ್ಮೆ, ಅಲ್ಲಿ ಪ್ರತಿ ಇಲಾಖೆಯೂ ಶೇಕಡಾವಾರು ಪ್ರಗತಿ ಓದುತ್ತದೆ. 'ಶೇ 94 ಸಾಧನೆ' ಎಂದಾಗ ಉಳಿದ ಆರು ಯಾರು ಎಂದು ಕೇಳುವವರಿಲ್ಲ. ನಿಮ್ಮ ಸಭೆ ಆ ಆರು ಮನೆಗಳದ್ದು. ಸಾಮಾಜಿಕ ನ್ಯಾಯ ಸಮಿತಿ ಕಾಯ್ದೆಯಡಿ ಇರುವ ಸ್ಥಾಯಿ ಸಮಿತಿ, ಆದ್ದರಿಂದ ಅದರ ಹೆಸರಲ್ಲೇ ಕರೆಯಿರಿ. ಪಿಡಿಒ ಸಹಿಯ ಪತ್ರ ಇದ್ದರೆ ಬೇರೆ ಇಲಾಖೆಯವರೂ ಬರುತ್ತಾರೆ, ಬಾಯಿಮಾತಿನ ಕರೆಗೆ ಎರಡನೇ ತಿಂಗಳಿಂದ ಬರುವುದಿಲ್ಲ.

ಪುಸ್ತಕ ಸರಳವಾಗಿರಲಿ. ಗೆರೆ ಹಾಕಿದ 200 ಪುಟದ ಒಂದು ಲೆಡ್ಜರ್ ಸಾಕು, ಎಕ್ಸೆಲ್ ಬೇಡ. ಐದೇ ಅಂಕಣ: ಮನೆ ಗುರುತು, ಕಂಡ ಸುಳಿವು, ಹೋಗಿ ನೋಡುವವರು ಯಾರು, ಯಾವ ದಿನಾಂಕದೊಳಗೆ, ಏನಾಯಿತು. ಮೂರನೇ ಅಂಕಣದಲ್ಲಿ ಒಬ್ಬರ ಹೆಸರೇ ಇರಬೇಕು. 'ಆಶಾ ಮತ್ತು ಅಂಗನವಾಡಿ' ಎಂದು ಬರೆದ ಸಾಲುಗಳು ತಿಂಗಳ ಕೊನೆಗೂ ಖಾಲಿ ಇರುತ್ತವೆ. ಒಮ್ಮೆಗೆ 15 ಮನೆಗಿಂತ ಹೆಚ್ಚು ತೆರೆದಿಡಬೇಡಿ. ಸಾವಿರ ಮನೆ ಸಮೀಕ್ಷೆ ಮಾಡಿ ಫಾರಂ ತುಂಬಿ ಬೀರುವಿನಲ್ಲಿಟ್ಟ ಪಂಚಾಯಿತಿಗಳು ಬೇಕಾದಷ್ಟಿವೆ.

ಗುಟ್ಟಿನ ವಿಚಾರದಲ್ಲಿ ಕಟ್ಟುನಿಟ್ಟಾಗಿರಿ. ಊರಿನಲ್ಲಿ ಪಟ್ಟಿ ಎಂದರೆ ಸುದ್ದಿ. ಕ್ಷಯ, ಮಾನಸಿಕ ಕಾಯಿಲೆ, ಮದುವೆ ವಯಸ್ಸಾಗದ ಹುಡುಗಿ ಬಸುರಿಯಾಗಿರುವುದು, ಸಾಲ ಇವುಗಳನ್ನು ಪುಸ್ತಕದಲ್ಲಿ ಬರೆಯಲೇಬಾರದು. 'ಆರೋಗ್ಯ, ಎಎನ್‌ಎಂ ಮಾತಾಡುತ್ತಾರೆ' ಎಂದಷ್ಟೇ ಇರಲಿ (ಎಎನ್‌ಎಂ ಅಂದರೆ ಊರಿನ ಆರೋಗ್ಯ ಸಹಾಯಕಿ). ಹೆಸರಿನ ಬದಲು ಮನೆಯ ಕರ ಸಂಖ್ಯೆ ಬರೆದರೆ ಇನ್ನೂ ಒಳ್ಳೆಯದು. ಪುಟದ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ದಿನವೇ ಈ ಕೆಲಸ ಮುಗಿದಂತೆ, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ. ನೀರಿನ ಬಾಕಿಯನ್ನು ಸುಳಿವಾಗಿ ಬಳಸಿ, ಅದೇ ಭೇಟಿಯಲ್ಲಿ ವಸೂಲಿಗೆ ನಿಲ್ಲಬೇಡಿ. ಬಿಲ್ ಕಲೆಕ್ಟರ್ ಜೊತೆಗೆ ಹೋಗದಿರುವುದೇ ಲೇಸು.

ಕಾಗದಪತ್ರ: ಇಲ್ಲೇ ಹೆಚ್ಚು ಜನ ಬೀಳುವುದು

ಬಡತನ ನಿವಾರಣೆ ಎಂದರೆ ಹಣ ಹಂಚುವುದು ಎಂದು ಸದಸ್ಯರು ತಿಳಿಯುತ್ತಾರೆ. ಹೆಚ್ಚಿನ ಮನೆಗಳಲ್ಲಿ ಹಣ ಈಗಾಗಲೇ ಮಂಜೂರಾಗಿರುತ್ತದೆ ಅಥವಾ ಆಗಬಹುದಾಗಿರುತ್ತದೆ. ನಡುವೆ ನಿಂತಿರುವುದು ಒಂದು ಅಕ್ಷರ. ಶಾಲೆಯ ದಾಖಲೆಯಲ್ಲಿ ಲಕ್ಷ್ಮೀದೇವಿ, ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಾಸ್‌ಬುಕ್ಕಿನಲ್ಲಿ ಲಕ್ಷ್ಮಿ ಕೋಂ ರಾಮಯ್ಯ. ಊರಿನಲ್ಲಿ ಮೂವರೂ ಒಬ್ಬಳೇ. ಕಂಪ್ಯೂಟರಿಗೆ ಮೂವರೂ ಬೇರೆ.

ತಿದ್ದಿಸುವಾಗ ಆತುರ ಬೇಡ, ಇದು ಬಹಳ ಮುಖ್ಯ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡು ಅವಕಾಶ, ಹುಟ್ಟಿದ ದಿನಾಂಕ ತಿದ್ದಲು ಒಂದೇ. ಸೈಬರ್ ಸೆಂಟರಿನವನು ಹೇಳಿದ ಎಂದು ಯಾವುದೋ ಕಾಗದ ಇಟ್ಟು ಆ ಒಂದು ಅವಕಾಶ ಮುಗಿಸಿದವರನ್ನು ಆಮೇಲೆ ದಡ ಸೇರಿಸುವುದು ಕಷ್ಟ. ಮೊದಲು ಬುಡದ ದಾಖಲೆ ಯಾವುದು ಎಂದು ತೀರ್ಮಾನಿಸಿ: ಓದಿದವರಿಗೆ ಶಾಲೆಯ ವರ್ಗಾವಣೆ ಪತ್ರ ಅಥವಾ ಅಂಕಪಟ್ಟಿ, ಇಲ್ಲದಿದ್ದರೆ ಜನನ ಪ್ರಮಾಣಪತ್ರ. ಅದು ಸರಿಯಿದ್ದರೆ ಆಧಾರ್ ಅದಕ್ಕೆ ಹೊಂದಲಿ, ಆಮೇಲೆ ಬ್ಯಾಂಕು, ರೇಷನ್ ಕಾರ್ಡ್ ಆಧಾರ್‌ಗೆ ಹೊಂದಲಿ. ಹಿಂದುಮುಂದಾದರೆ ಒಂದನ್ನು ಸರಿಮಾಡಿದಾಗ ಇನ್ನೊಂದು ತಪ್ಪುತ್ತದೆ. ಹಿರಿಯರ ಆಧಾರ್‌ನಲ್ಲಿ ಜನವರಿ 1 ಎಂದು ಇದ್ದರೆ ಅದು ಅಂದಾಜಿನಲ್ಲಿ ಬರೆದದ್ದು ಎಂದೇ ತಿಳಿಯಿರಿ. 63ರ ಅಜ್ಜಿಗೆ 54 ಎಂದು ಬರೆದಿದ್ದರೆ ಆಕೆಗೆ ಪಿಂಚಣಿ ಇನ್ನೂ ಆರು ವರ್ಷ ದೂರ.

'ಹಣ ಬಂದಿಲ್ಲ' ಎನ್ನುವವರ ವಿಚಾರದಲ್ಲಿ ಅರ್ಜಿ ಹುಡುಕುವ ಮೊದಲು ಖಾತೆ ಹುಡುಕಿ. ಆಧಾರ್ ಮೂಲಕ ಬರುವ ಹಣ ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ. ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ಕೊನೆಗೆ ಜೋಡಣೆಯಾದ ಖಾತೆಗೆ ಹೋಗುತ್ತದೆ. ಸಾಲಕ್ಕೆಂದೋ ಯಾವುದೋ ಮೇಳದಲ್ಲೋ ತೆರೆದು ಮರೆತ ಖಾತೆಗೆ ತಿಂಗಳುಗಟ್ಟಲೆ ಹಣ ಬೀಳುತ್ತಿರುತ್ತದೆ, ಮನೆಯವರು ಸರ್ಕಾರವನ್ನು ಬೈಯುತ್ತಿರುತ್ತಾರೆ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಜೋಡಣೆ ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು ಕಾಣುತ್ತದೆ. ಒಟಿಪಿ ಬರಬೇಕಾದ್ದರಿಂದ ನೋಂದಾಯಿತ ಮೊಬೈಲ್ ಕೈಯಲ್ಲಿರಬೇಕು. ಆ ಸಿಮ್ ದುಡಿಯಲು ಬೆಂಗಳೂರಿಗೆ ಹೋದ ಮಗನ ಜೇಬಿನಲ್ಲಿರುವುದೇ ಹೆಚ್ಚು. ಹಬ್ಬಕ್ಕೆ ಮಗ ಬಂದ ವಾರ ಈ ಕೆಲಸ ಇಟ್ಟುಕೊಳ್ಳಿ.

ಮಕ್ಕಳದು ಬೇರೆ ಲೆಕ್ಕ. ಜನನ ನೋಂದಣಿ 21 ದಿನದೊಳಗೆ ಉಚಿತ. 30 ದಿನದವರೆಗೆ ತಡಶುಲ್ಕ. ಅದರ ಮೇಲೆ ಒಂದು ವರ್ಷದವರೆಗೆ ಮೇಲಧಿಕಾರಿಯ ಅನುಮತಿ ಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಪಟ್ಟಣದ ಆಸ್ಪತ್ರೆಯಲ್ಲಿ ಹೆತ್ತು ತವರಿಗೆ ಹೋದವರು ಪ್ರಮಾಣಪತ್ರ ತರುವುದನ್ನು ಮರೆತಿರುತ್ತಾರೆ, ನೋಂದಣಿ ಹೆರಿಗೆಯಾದ ಊರಿನಲ್ಲೇ ಇರುತ್ತದೆ. 2023ರ ತಿದ್ದುಪಡಿಯ ನಂತರ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲೂ ಜನನ ಪ್ರಮಾಣಪತ್ರವೇ ಆಧಾರ. ಬಾಣಂತಿ ಪಟ್ಟಿ ಆಶಾ ಬಳಿ ಇದೆ. ತಾಯಿ ಕಾರ್ಡ್ ನೋಡುವಾಗಲೇ 'ಜನನ ಪ್ರಮಾಣಪತ್ರ ತಂದಿರಾ' ಎಂಬ ಒಂದು ಪ್ರಶ್ನೆ ಸೇರಿಸಿಕೊಳ್ಳಲಿ. ಇನ್ನು 5 ಮತ್ತು 15ನೇ ವಯಸ್ಸಿನಲ್ಲಿ ಮಕ್ಕಳ ಆಧಾರ್‌ಗೆ ಬೆರಳಚ್ಚು ನವೀಕರಿಸಬೇಕು. ಇದು ತಪ್ಪಿದ ಮನೆಗೆ ಎಂಟನೇ ತರಗತಿಯಲ್ಲೋ ಒಂಬತ್ತರಲ್ಲೋ ವಿದ್ಯಾರ್ಥಿವೇತನ ನಿಂತಾಗ ಎಚ್ಚರವಾಗುತ್ತದೆ.

ಸಾವಾದ ಮನೆ: ಹನ್ನೊಂದರಿಂದ ಇಪ್ಪತ್ತೊಂದನೇ ದಿನದವರೆಗೆ

ಒಂದೇ ಒಂದು ಕೆಲಸ ಆರಿಸಿಕೊಳ್ಳಿ ಎಂದರೆ ಇದನ್ನೇ ಹೇಳಬೇಕಾಗುತ್ತದೆ. ದುಡಿಯುವವರು ಸತ್ತ ಮನೆ ಆರು ತಿಂಗಳಲ್ಲಿ ಎಷ್ಟು ಕೆಳಗಿಳಿಯುತ್ತದೋ ಅಷ್ಟನ್ನು ಮತ್ತೆ ಏರಲು ಒಂದು ತಲೆಮಾರು ಬೇಕು. ಇಲ್ಲಿ ಮಾಡಬೇಕಾದ ಕೆಲಸಕ್ಕೆ ಪಂಚಾಯಿತಿಯ ಒಂದು ರೂಪಾಯಿಯೂ ಬೇಡ. ಕಾರ್ಯ, ತಿಥಿ ಮುಗಿಯುವ ಮುನ್ನ ಹೋಗಿ ಕಾಗದ ಕೇಳುವುದು ಸಲ್ಲದು. ಮರಣ ನೋಂದಣಿ ಉಚಿತವಾಗಿ ಆಗುವುದು 21 ದಿನದೊಳಗೆ. ನಡುವೆ ಹತ್ತು ದಿನ ಸಿಗುತ್ತದೆ. ಆ ಹತ್ತು ದಿನದಲ್ಲಿ ಇಬ್ಬರು ಹೋಗಿ, ಅವರಲ್ಲೊಬ್ಬರು ಹೆಂಗಸಾಗಿರಲಿ.

ಮೊದಲು ನೋಂದಣಿ. ಸತ್ತವರ ಹೆಸರು ಆಧಾರ್ ಮತ್ತು ಪಾಸ್‌ಬುಕ್ಕಿನಲ್ಲಿರುವಂತೆಯೇ ಬರೆಸಬೇಕು, ಊರಲ್ಲಿ ಕರೆಯುವ ಹೆಸರಲ್ಲ. ಮರಣ ಪ್ರಮಾಣಪತ್ರದ ನಾಲ್ಕೈದು ಪ್ರತಿ ಮಾಡಿಸಿ, ಪ್ರತಿಯೊಂದು ಕಚೇರಿಯೂ ಒಂದು ಕೇಳುತ್ತದೆ.

ಆಮೇಲೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ಮೇ–ಜೂನ್ ತಿಂಗಳ ಸಾಲುಗಳನ್ನು ಬೆರಳಿಟ್ಟು ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ: ಯಾವ ಕಾರಣದಿಂದ ಸತ್ತರೂ 2 ಲಕ್ಷ, ಹೊಸದಾಗಿ ಸೇರಿದ ಮೊದಲ 30 ದಿನ ಮಾತ್ರ ಅಪಘಾತವಲ್ಲದ ಸಾವಿಗೆ ಇಲ್ಲ. 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ, ಅಪಘಾತಕ್ಕೆ 2 ಲಕ್ಷ. ಖಾತೆ ತೆರೆಯುವಾಗ ಬ್ಯಾಂಕ್ ಮಿತ್ರ ಸಹಿ ಹಾಕಿಸಿಕೊಂಡಿರುತ್ತಾನೆ, ಮನೆಯವರಿಗೆ ವಿಷಯವೇ ಗೊತ್ತಿರುವುದಿಲ್ಲ, ಕೇಳದೆ ಯಾರೂ ಕೊಡುವುದಿಲ್ಲ. ಹಾವು ಕಚ್ಚಿ ಸತ್ತರೂ ತೆಂಗಿನ ಮರದಿಂದ ಬಿದ್ದು ಸತ್ತರೂ ಅಪಘಾತವೇ, ಆದರೆ ಆಸ್ಪತ್ರೆಯ ದಾಖಲೆ ಬೇಕು. ನಾಟಿ ಔಷಧಿಗೆ ಕರೆದೊಯ್ದು ಅಲ್ಲೇ ಪ್ರಾಣ ಹೋಗಿ ಮನೆಗೆ ತಂದು ಮಣ್ಣು ಮಾಡಿದರೆ ದಾಖಲೆ ಏನೂ ಉಳಿಯುವುದಿಲ್ಲ. ಇದನ್ನು ಸಾವಿಗೆ ಮೊದಲೇ, ಮಳೆಗಾಲ ಶುರುವಾಗುವಾಗ ಊರಿಗೆಲ್ಲ ಹೇಳಿಸಬೇಕು.

ಸತ್ತವರು 18ರಿಂದ 59 ವರ್ಷದವರು, ಮನೆ ಅವರ ದುಡಿಮೆಯಿಂದ ನಡೆಯುತ್ತಿತ್ತು, ಬಿಪಿಎಲ್ ಕುಟುಂಬ ಎಂದಾದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯ 20,000 ರೂಪಾಯಿಗೆ ಅರ್ಜಿ. ಅದೇ ದಿನ ವಿಧವಾ ವೇತನದ ಅರ್ಜಿಯನ್ನೂ ಹಾಕಿಸಿ, ಎರಡಕ್ಕೂ ಕಾಗದ ಹೆಚ್ಚುಕಡಿಮೆ ಒಂದೇ. ಗಾರೆ ಕೆಲಸ, ಕಟ್ಟಡ ಕೆಲಸ ಮಾಡುತ್ತಿದ್ದವರಾದರೆ ಕಾರ್ಮಿಕ ಕಾರ್ಡ್ ಹುಡುಕಿ, ನವೀಕರಣ ಆಗಿದೆಯೇ ನೋಡಿ. ಸತ್ತದ್ದು ಮನೆಯ ಯಜಮಾನಿಯಾದರೆ ರೇಷನ್ ಕಾರ್ಡಿನಲ್ಲಿ ಯಜಮಾನಿ ಬದಲಾಗಬೇಕು, ಇಲ್ಲದಿದ್ದರೆ ಗೃಹಲಕ್ಷ್ಮಿ ಹಣ ಅಲ್ಲಿಗೇ ನಿಲ್ಲುತ್ತದೆ. ಜಮೀನಿದ್ದರೆ ಪೌತಿ ಖಾತೆ, ಅಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅಣ್ಣತಮ್ಮಂದಿರು ಇನ್ನೂ ಮಾತಾಡುವ ಸ್ಥಿತಿಯಲ್ಲಿರುವಾಗಲೇ ಅದು ಆಗಬೇಕು, ವರ್ಷ ಕಳೆದರೆ ಕೋರ್ಟು. ಮನೆಯ ಖಾತೆ ಮಾತ್ರ ನಿಮ್ಮದೇ ಕಚೇರಿಯ ಕೆಲಸ, ಅದನ್ನು ತಡಮಾಡಿ ಬೇರೆ ಇಲಾಖೆಯನ್ನು ದೂರುವುದು ಚೆನ್ನಾಗಿರುವುದಿಲ್ಲ.

ಸಾಲದ ಕಾರ್ಡುಗಳನ್ನು ಹೊರಗೆ ತೆಗೆಸಿ ಹರಡಿ. ಮೈಕ್ರೋಫೈನಾನ್ಸ್ ಸಾಲದ ಜೊತೆ ಸಾಲಗಾರರ ಜೀವವಿಮೆ ಸೇರಿಸುವುದು ವಾಡಿಕೆ, ಕೆಲವೊಮ್ಮೆ ಗಂಡನ ಹೆಸರಲ್ಲೂ ಇರುತ್ತದೆ. ಕಾರ್ಡಿನಲ್ಲಿ ವಿಮೆ ಕಂತು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ವಿಮೆ ಇದ್ದರೆ ಸಾಲ ಅದರಿಂದ ತೀರಬೇಕು. ಕಂತು ವಸೂಲಿಗೆ ಬಂದವನು ಇದನ್ನು ತಾನಾಗಿ ಹೇಳುವುದು ಅಪರೂಪ. ಕಿರುಕುಳ ಶುರುವಾಗಿದ್ದರೆ 2025ರಲ್ಲಿ ರಾಜ್ಯ ತಂದ ಕಾನೂನು ಇದೆ, ಠಾಣೆಗೆ ಹೋಗುವಾಗ ಸದಸ್ಯರಾಗಿ ಜೊತೆಗೆ ನಿಲ್ಲಿ. ಆಕೆಯ ಹೆಸರಲ್ಲಿ ಹೊಸ ಸಾಲ ಕೊಡಿಸಿ ಹಳೆಯದನ್ನು ತೀರಿಸುವ ಉಪಾಯವನ್ನು ಸಂಘದವರೇ ಮುಂದಿಡಬಹುದು. ಅದಕ್ಕೆ ಒಪ್ಪಬೇಡಿ.

ಪುಟ್ಟ ಮಕ್ಕಳು

ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಅಂಗನವಾಡಿಯ ಅಳತೆ ಪಟ್ಟಿಯಲ್ಲಿ ಅದು ಕೆಂಪು. 11.5ರಿಂದ 12.5 ಹಳದಿ. ಕೆಂಪು ಬಂದ ಮಗುವನ್ನು ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಬರೆದುಕೊಡುತ್ತಾರೆ, ಸಾಮಾನ್ಯವಾಗಿ 14 ದಿನ ತಾಯಿ ಜೊತೆಗಿರಬೇಕು. ಬರೆದುಕೊಟ್ಟ ಚೀಟಿ ಮನೆಯ ಸಂದಿಯಲ್ಲೇ ಉಳಿಯುತ್ತದೆ. ತಾಯಿಗೆ ಬುದ್ಧಿಯಿಲ್ಲ ಎನ್ನುವವರಿದ್ದಾರೆ. ಆಕೆಗೆ ಇನ್ನಿಬ್ಬರು ಮಕ್ಕಳಿದ್ದಾರೆ, ಒಂದು ಹಸು ಇದೆ, ಅತ್ತೆಗೆ ಕಣ್ಣು ಕಾಣುವುದಿಲ್ಲ, ಕೂಲಿ ಹೋಗುತ್ತದೆ. ಕೇಂದ್ರದಲ್ಲಿ ಕೊಡುವ ಕೂಲಿ ಪರಿಹಾರ ಡಿಸ್ಚಾರ್ಜ್ ಆದ ಮೇಲೆ ಖಾತೆಗೆ ಬರುತ್ತದೆ, ಹೊರಡುವ ದಿನ ಕೈಯಲ್ಲಿ ಬಸ್ ಚಾರ್ಜಿಗೂ ಇರುವುದಿಲ್ಲ.

ಇಲ್ಲಿ ಪಂಚಾಯಿತಿ ಮಾಡಬೇಕಾದ್ದು ಭಾಷಣವಲ್ಲ. ಹೋಗಿಬರುವ ಖರ್ಚು, ಉಳಿದ ಮಕ್ಕಳಿಗೆ 14 ದಿನ ಯಾರ ಮನೆಯಲ್ಲಿ ಊಟ, ಹಸು ಯಾರು ಕಟ್ಟುತ್ತಾರೆ, ಇಷ್ಟನ್ನು ಹೊರಡುವ ಮುನ್ನ ಇತ್ಯರ್ಥ ಮಾಡುವುದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ಆರೋಗ್ಯ ಅಭಿಯಾನದ ನಿಯಮದಂತೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಇದೆ, ವಾರ್ಡ್ ಸದಸ್ಯರೇ ಅದರ ಅಧ್ಯಕ್ಷರು. ಬಹುಶಃ ನೀವೇ. ಬ್ಲೀಚಿಂಗ್ ಪೌಡರಿಗೆ ಪೂರ್ತಿ ಸುರಿಯುವ ಬದಲು ಇಂಥ ಮೂರು ನಾಲ್ಕು ಪಯಣಕ್ಕೆ ತೆಗೆದಿಡಿ. ಮನೆಗೆ ಮರಳಿದ ಮೇಲೆ ಹದಿನೈದು ದಿನಕ್ಕೊಮ್ಮೆ ತೂಕ ನೋಡದಿದ್ದರೆ ಮಗು ಮತ್ತೆ ಕೆಂಪಿಗೇ ಇಳಿಯುತ್ತದೆ, ಏಕೆಂದರೆ ಮನೆಯ ಅಡುಗೆ ಬದಲಾಗಿರುವುದಿಲ್ಲ.

ಕಿವಿ ಕೇಳದ ಮಗುವಿನ ವಿಚಾರದಲ್ಲಿ ಗಡಿಯಾರ ಇನ್ನೂ ಬೇಗ ಓಡುತ್ತದೆ. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಚಿತ ಮಾಡಿಕೊಳ್ಳುವುದು, ಆರರೊಳಗೆ ಚಿಕಿತ್ಸೆ ಅಥವಾ ತರಬೇತಿ ಶುರು ಎಂಬುದು ಶ್ರವಣ ತಜ್ಞರ ಸೂತ್ರ. ಹಳ್ಳಿಯಲ್ಲಿ ನಡೆಯುವುದು ಬೇರೆ. 'ಅವರಪ್ಪನೂ ಮಾತು ಕಲಿತದ್ದು ತಡವಾಗಿಯೇ' ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ, ಮೂರು ವರ್ಷ ಕಳೆಯುತ್ತದೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ, ಶಸ್ತ್ರಚಿಕಿತ್ಸೆ ಮಾಡಿ ಕಿವಿಯೊಳಗೆ ಕೂರಿಸುವ ಶ್ರವಣ ಸಾಧನಕ್ಕೆ (ಕಾಕ್ಲಿಯರ್ ಇಂಪ್ಲಾಂಟ್) ಹುಟ್ಟುಕಿವುಡು ಮಗುವಿನ ವಯಸ್ಸಿನ ಮಿತಿ ಐದು ವರ್ಷ. ಆರಕ್ಕೆ ಶಾಲೆಗೆ ಸೇರಿಸಲು ಹೋದಾಗ ಮೇಷ್ಟರು ಗುರುತಿಸಿದರೆ ಬಾಗಿಲು ಮುಚ್ಚಿರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಬರುವ ದಿನ ಮೊದಲೇ ತಿಳಿದುಕೊಂಡು, ಅಂಗನವಾಡಿಗೆ ಬಾರದ ಮಕ್ಕಳನ್ನು ಅಂದು ಕರೆತರುವುದು ವಿಆರ್‌ಡಬ್ಲ್ಯೂ ಕೆಲಸವಾಗಲಿ. ನಿಜವಾದ ತೊಂದರೆಯ ಮಗು ಇರುವುದೇ ಅಂಗನವಾಡಿಗೆ ಬಾರದವರಲ್ಲಿ. ತಂಡ ಜಿಲ್ಲಾಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಬರೆದುಕೊಟ್ಟ ಹೆಸರುಗಳ ಪ್ರತಿ ಕೇಳಿ ಇಟ್ಟುಕೊಳ್ಳಿ. ಹೆಚ್ಚಿನ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಶಾಲೆಯ ಬಗ್ಗೆ ಚುಟುಕಾಗಿ. ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಂ ಪ್ರಕಾರ ತನ್ನ ವ್ಯಾಪ್ತಿಯ 14 ವರ್ಷದೊಳಗಿನ ಮಕ್ಕಳ ದಾಖಲೆ ಇಡುವುದು, ಗುಳೆ ಬಂದವರ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ಆದ್ದರಿಂದ ಮುಖ್ಯಶಿಕ್ಷಕರನ್ನು ಕೇಳಲು ಹಿಂಜರಿಯಬೇಡಿ. ಸತತ ಏಳು ದಿನ ಬಾರದ ಮಕ್ಕಳ ಹೆಸರು ಎಂಟನೇ ದಿನ ನಿಮಗೆ ಬರಲಿ. ಒಂದು ತಿಂಗಳು ಕಳೆದರೆ ಆ ಮಗುವಿಗೆ ಮನೆಯಲ್ಲೋ ಹೊಲದಲ್ಲೋ ಕೆಲಸ ಅಂಟಿಕೊಂಡಿರುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ಗುಳೆ ಹೋಗುವ ಮನೆಗಳಿಗೆ ಹೊರಡುವ ಮೊದಲೇ ಹೋಗಿ ಮಕ್ಕಳನ್ನು ಅಜ್ಜಿಯ ಬಳಿ ಬಿಡುವ, ಇಲ್ಲವೇ ಹಾಸ್ಟೆಲಿಗೆ ಸೇರಿಸುವ ಮಾತಾಡಿ. 2023ರ ಬಜೆಟ್ಟಿನಲ್ಲಿ 4,000 ಪಂಚಾಯಿತಿಗಳಿಗೆ ಘೋಷಣೆಯಾದ ಕೂಸಿನ ಮನೆ (ದುಡಿಯುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ) ನಿಮ್ಮಲ್ಲಿದ್ದರೆ, ಅದು ತೆರೆಯುವ ಹೊತ್ತಿಗೂ ಹೆಂಗಸರು ಕೂಲಿಗೆ ಹೊರಡುವ ಹೊತ್ತಿಗೂ ತಾಳೆ ಇದೆಯೇ ಎಂದು ಒಂದು ದಿನ ಬೆಳಿಗ್ಗೆ ಹೋಗಿ ನೋಡಿ. ಹತ್ತಕ್ಕೆ ಬಾಗಿಲು ತೆರೆದರೆ ಎಂಟಕ್ಕೆ ಹೊಲಕ್ಕೆ ಹೋಗುವವಳಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ದುಡ್ಡು

ಹಣಕಾಸು ಆಯೋಗದ ಅನುದಾನದ ದೊಡ್ಡ ಪಾಲು ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು, ಅದರ ಆಸೆ ಬಿಡಿ. ನಿಮಗೆ ಸಿಗುವುದು ಸ್ವಂತ ಸಂಪನ್ಮೂಲದಲ್ಲಿ ಮೀಸಲಿಡಬೇಕಾದ ಎರಡು ಪಾಲು: ಪರಿಶಿಷ್ಟರ ಶೇ 25ರ ನಿಧಿ ಮತ್ತು ಅಂಗವಿಕಲರ ಶೇ 5ರ ನಿಧಿ. ಸ್ವಂತ ವಸೂಲಿ 12 ಲಕ್ಷ ಎಂದಿಟ್ಟುಕೊಳ್ಳಿ. 3 ಲಕ್ಷ ಮತ್ತು 60 ಸಾವಿರ.

ಈ 60 ಸಾವಿರಕ್ಕೆ ಮಾರ್ಚ್ ತಿಂಗಳಲ್ಲಿ ಏನಾಗುತ್ತದೆ ಎಂದು ನಿಮಗೂ ಗೊತ್ತು. ನಲವತ್ತು ಜನ ಅಂಗವಿಕಲರಿಗೆ ತಲಾ 1,500 ರೂಪಾಯಿಯ ಕುರ್ಚಿಯೋ ಪಾತ್ರೆಯೋ ಕೊಟ್ಟು ಫೋಟೊ ತೆಗೆಯುತ್ತಾರೆ. ಸಮನಾಗಿ ಹಂಚಿದ್ದರಿಂದ ಜಗಳವಿಲ್ಲ, ಆದರೆ ಯಾರ ಬದುಕೂ ಬದಲಾಗಲಿಲ್ಲ. ಅದೇ ಹಣದಲ್ಲಿ ಆರು ಮಕ್ಕಳನ್ನು ಹದಿನೈದು ದಿನಕ್ಕೊಮ್ಮೆ ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿಗೆ ಒಂದೇ ಗಾಡಿಯಲ್ಲಿ ಕರೆದೊಯ್ದರೆ, ಒಂದು ಪಯಣಕ್ಕೆ 2,000 ಎಂದರೂ ವರ್ಷಕ್ಕೆ 24 ಪಯಣ, 48,000 ರೂಪಾಯಿ. ಉಳಿದ 12,000 ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗದವರನ್ನು ವೈದ್ಯಕೀಯ ಶಿಬಿರಕ್ಕೆ ಕರೆದೊಯ್ಯಲು. ಕಾರ್ಡಿನಲ್ಲಿ ಅಂಗವೈಕಲ್ಯ ಶೇ 40 ಅಥವಾ ಹೆಚ್ಚಿದ್ದರೆ ಪಿಂಚಣಿಯ ದಾರಿ ತೆರೆಯುತ್ತದೆ, ಅದು ತಿಂಗಳು ತಿಂಗಳು ಬರುತ್ತದೆ. ಆರೇ ಮಕ್ಕಳಿಗೆ ಏಕೆ ಎಂದು ಸಾಮಾನ್ಯ ಸಭೆಯಲ್ಲಿ ಗಲಾಟೆಯಾಗುತ್ತದೆ. ಉತ್ತರ ಸಿದ್ಧವಿರಲಿ: ಹೆಸರು ಆರಿಸಿದ್ದು ನಾವಲ್ಲ, ತಪಾಸಣೆ ತಂಡದ ಚೀಟಿ. ಆಯ್ಕೆಯ ಮಾನದಂಡವನ್ನು ಏಪ್ರಿಲ್‌ನಲ್ಲೇ ನಿರ್ಣಯ ಮಾಡಿಸಿಟ್ಟರೆ ಲೆಕ್ಕಪರಿಶೋಧನೆಯಲ್ಲೂ ಆಕ್ಷೇಪಣೆ ಬರುವುದಿಲ್ಲ. ಕ್ರಿಯಾಯೋಜನೆಯಲ್ಲಿ ಇಲ್ಲದ್ದನ್ನು ಜನವರಿಯಲ್ಲಿ ನೆನಪಿಸಿಕೊಂಡರೆ ಪಿಡಿಒ ಸಹಿ ಹಾಕುವುದಿಲ್ಲ, ಹಾಕಬಾರದು ಕೂಡ.

ವಸೂಲಿ ಇಲ್ಲದಿದ್ದರೆ ಈ ಶೇಕಡಾ ಲೆಕ್ಕವೆಲ್ಲ ಸೊನ್ನೆ. ಬಡವರ ಮೇಲೆ ಕರುಣೆ ಎಂದು ಕರ ವಸೂಲಿ ಬಿಟ್ಟ ಪಂಚಾಯಿತಿಯಲ್ಲಿ ನಿಜಕ್ಕೂ ಉಳಿತಾಯವಾಗುವುದು ಕಲ್ಯಾಣಮಂಟಪ, ಬಾಡಿಗೆ ಮಳಿಗೆ, ಲೇಔಟ್ ಮಾಲೀಕರಿಗೆ.

ಪಕ್ಕದ ಕೇರಳದಿಂದ ಕಲಿಯುವುದು ಒಂದಿದೆ. ಅಲ್ಲಿ 2021ರಲ್ಲಿ ಶುರುವಾದ ಅತಿ ಬಡತನ ನಿರ್ಮೂಲನ ಕಾರ್ಯಕ್ರಮದಲ್ಲಿ ಸ್ಥಳೀಯ ಸಂಸ್ಥೆಗಳ ಮೂಲಕ 64,006 ಕುಟುಂಬಗಳನ್ನು ಗುರುತಿಸಿ, ಆಹಾರ, ಆರೋಗ್ಯ, ವಸತಿ, ಆದಾಯ ಈ ನಾಲ್ಕನ್ನು ನೋಡಿ ಪ್ರತಿ ಕುಟುಂಬಕ್ಕೂ ಬೇರೆ ಬೇರೆ ಕಿರುಯೋಜನೆ ಬರೆದರು. ಆರಂಭದಲ್ಲೇ ಮಾಡಿದ ಕೆಲಸಗಳಲ್ಲೊಂದು ರೇಷನ್ ಕಾರ್ಡ್, ಆಧಾರ್ ಇಲ್ಲದವರಿಗೆ ಅವನ್ನು ಬೇಗ ಮಾಡಿಸಿಕೊಡುವ ಅಭಿಯಾನ. 2025ರ ನವೆಂಬರ್ 1ರಂದು ಅತಿ ಬಡತನ ಮುಗಿಯಿತು ಎಂದು ಸರ್ಕಾರ ಘೋಷಿಸಿತು, ಆ ಲೆಕ್ಕದ ಬಗ್ಗೆ ಅಲ್ಲಿನ ಅರ್ಥಶಾಸ್ತ್ರಜ್ಞರೇ ತಕರಾರು ತೆಗೆದರು. ಘೋಷಣೆಯನ್ನು ಬದಿಗಿಟ್ಟರೂ ವಿಧಾನ ನಮಗೆ ಉಪಯೋಗದ್ದು: ಒಂದು ಮನೆಗೆ ಮಾತ್ರೆ ಬೇಕು, ಇನ್ನೊಂದಕ್ಕೆ ಮನೆ ಬೇಕು, ಎರಡಕ್ಕೂ ಒಂದೇ ಕಿಟ್ ಕೊಟ್ಟರೆ ಪ್ರಯೋಜನವಿಲ್ಲ. ನಮ್ಮಲ್ಲಿ ಸಂಜೀವಿನಿ ಒಕ್ಕೂಟ ಪ್ರತಿ ವರ್ಷ ಮಾಡುವ ಗ್ರಾಮ ಬಡತನ ನಿವಾರಣಾ ಯೋಜನೆ ಇದೇ ಕೆಲಸಕ್ಕೆ ಬಳಕೆಯಾಗಬಹುದು. ಈಗ ಅದು ಗ್ರಾಮಸಭೆಯಲ್ಲಿ ಓದಿ ಹೇಳಿ ಫೈಲಿಗೆ ಸೇರುವ ಕಾಗದವಾಗಿದೆ.

ಶುರು ಹೇಗೆ? ಮೊದಲ ತಿಂಗಳು ಒಂದೇ ವಾರ್ಡ್, ಒಂದೇ ವಿಷಯ: ಕಳೆದ ಆರು ತಿಂಗಳಲ್ಲಿ ಸಾವಾದ ಮನೆಗಳು. ಸಾವಿರ ಜನರ ಊರಿನಲ್ಲಿ ಮೂರು ನಾಲ್ಕು ಮನೆ ಸಿಗುತ್ತವೆ, ಕೈಗೆ ನಿಲುಕುವ ಲೆಕ್ಕ. ಅಲ್ಲಿ ಒಂದು ವಿಮೆ ಹಣ ಬಂದರೆ, ಒಂದು ಪಿಂಚಣಿ ಆದರೆ, ಉಳಿದ ಸದಸ್ಯರು ತಾವಾಗಿ ತಮ್ಮ ವಾರ್ಡಿಗೂ ಕೇಳುತ್ತಾರೆ. ಎರಡನೇ ತಿಂಗಳು ಅಂಗನವಾಡಿಯ ಕೆಂಪು–ಹಳದಿ ಮಕ್ಕಳು, ಮೂರನೆಯದಕ್ಕೆ ಶಾಲೆಯ ಗೈರುಹಾಜರಿ. ನಾಲ್ಕನೇ ಸಭೆಯಲ್ಲಿ ಪುಸ್ತಕ ತೆರೆದು ಒಂದನ್ನೇ ಎಣಿಸಿ: ಇದರಲ್ಲಿ ಎಷ್ಟು ಮನೆಯವರು ತಾವಾಗಿ ಬಂದರು, ಎಷ್ಟು ಮನೆಗೆ ನಾವು ಮೊದಲು ಹೋದೆವು. ಎರಡನೆಯದು ಅರ್ಧಕ್ಕಿಂತ ಕಡಿಮೆ ಇದ್ದರೆ ಸುಳಿವು ಹೇಳಬೇಕಾದವರು ಯಾರೋ ಸಭೆಗೆ ಬರುತ್ತಿಲ್ಲ ಎಂದರ್ಥ. ಅಂದಹಾಗೆ, ಸಭೆಯನ್ನು ಗುರುವಾರ ಇಡಲೇಬೇಡಿ. ಅಂದು ಲಸಿಕೆ ದಿನ, ಆಶಾ ಮತ್ತು ಎಎನ್‌ಎಂ ಇಬ್ಬರೂ ಸಿಗುವುದಿಲ್ಲ.